ಹೆರಾಲ್ಡನಿಗೆ ನೀನೇ ಫೋನ್ ಮಾಡು

ಜೂಡಿತ್,

ಚಾಲ್ಬಿ ಮರಳುಗಾಡಿಗೆ ಹೊರಟವನಿಗೆ ಗಾಡಿಯೇ ಇಲ್ಲ. ಮೊನ್ನೆ ತಮಾಷೆಗೆ ನಿನ್ನ ಅಣ್ಣ ಎಡ್ಮಂಡನ ದನಿಯಲ್ಲಿ ಹೆರಾಲ್ಡನಿಗೆ ಫೋನ್ ಮಾಡಿ, "ಚಾಲ್ಬಿ ಟ್ರಿಪ್ ಕ್ಯಾನ್ಸಲ್ ಮಾರಾಯಾ" ಎಂದಿದ್ದೆ. ಅವನು ನಂಬಿ, ನಾವು ಮಲಗಬೇಕಿದ್ದ ತನ್ನ ವ್ಯಾನನ್ನು ಚರ್ಚಿನ ಪಿಕ್ನಿಕ್ಕಿಗೆ ಒಪ್ಪಿಸಿದ್ದಾನೆ. ನಾಳೆ ಬೆಳಿಗ್ಗೆ ಎಡ್ಮಂಡ್ ಮೊಂಬಾಸಾದಿಂದ ಎರಡು ಬೈಕು ಹೇರಿಕೊಂಡು ಬರುತ್ತಾನೆ. ಈ ರಜೆಗೆ ವರ್ಷವಿಡೀ ಕಾದವನು, ನನ್ನನ್ನು ಕ್ಷಮಿಸುವುದಿಲ್ಲ.

ಹೆರಾಲ್ಡನ ಕಾಲು ಹಿಡಿಯಲು ಮಟಾಟು ಬಸ್ಸು ಹತ್ತಿ ಕರೆನ್‌ನಲ್ಲಿರುವ ಅವನ ಮನೆಗೆ ಹೊರಟಿದ್ದೇನೆ.

ನೀರಿನ ಕ್ಯಾನು ತುಂಬಿಸಿಡು. ಚಪಾತಿ ಈಗಲೇ ಬೇಡ. ಎಡ್ಮಂಡ್ ಫೋನ್ ಮಾಡಿದರೆ ನಾನು ಸ್ನಾನಕ್ಕೆ ಹೋಗಿದ್ದೇನೆ.

ಇದನ್ನು ಓದಿದ ಕೂಡಲೇ ಹೆರಾಲ್ಡನಿಗೆ ಫೋನ್ ಮಾಡಿ ನಿಜ ಹೇಳು, ನಿನ್ನ ಮಾತು ನಂಬುತ್ತಾನೆ. ಈಗಷ್ಟೇ ನಾನು ಫೋನಿನಲ್ಲಿ ಅವನೆದುರು ತಪ್ಪೊಪ್ಪಿಕೊಂಡು ನಿಜವಾಗಿಯೂ ಅತ್ತುಬಿಟ್ಟೆ. "ಅಳು ಚೆನ್ನಾಗಿ ಬಂತು ಬೊನಿ, ಇದು ಯಾರದ್ದು?" ಎಂದು ಕೇಳಿದ.

ಬೊನಿಫಾಸ್