ನೇರಳೆ ಬಣ್ಣದ ಆರು ಗಾಜು

ಬೆಸಗರಹಳ್ಳಿ
12-11-2025

ಮಗಳೇ ನಾಜಿಮಾ, ನಿನಗೆ ಚೈತನ್ಯಾಳ ದೊಡ್ಡಮ್ಮನ ಆಶೀರ್ವಾದ.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಲಿ ಪೆನ್ನು ಹಿಡಿಸಿದ್ದೀಯಲ್ಲ, ನಿನಗೂ ನಿಮ್ಮ ಮೇಷ್ಟ್ರಿಗೂ ಬೇರೆ ಕೆಲಸ ಇಲ್ಲವೇನೇ? ಫೋನಲ್ಲಿ ಹೇಳಿದರೆ ಆಗಲ್ಲವಂತೆ, ಗಾಜು ಏನಾದವು ಅಂತ ಬರೆದು ಸಹಿ ಹಾಕಬೇಕಂತೆ. ಬರೀತೀನಿ, ಓದಿಕೋ.

ನಿನ್ನ ಜೊತೆ ಕೆಲಸ ಮಾಡ್ತಿದ್ದ ನಮ್ಮ ಚೈತನ್ಯಾ, ನನ್ನ ತಂಗಿ ಹೆತ್ತು ನಾನು ಸಾಕಿದ ಕೂಸು, ಹೋದ ವರ್ಷದ ದೀಪಾವಳಿಗೆ ನಿಮ್ಮ ಲ್ಯಾಬಿಂದ ಆರು ಗಾಜಿನ ಚೂರು ತಂದು ಬೀರುವಿನಲ್ಲಿಟ್ಟಳು. ಉಪ್ಪುನೀರಲ್ಲಿ ಬದುಕೋ, ಕಣ್ಣಿಗೆ ಕಾಣದ ಹುಳದಿಂದ ತೆಗೆದ ನೇರಳೆ ಬಣ್ಣದ ಪ್ರೋಟೀನು ಬಳಿದಿದೆ, ಬೆಳಕು ಬಿದ್ದರೆ ಕರೆಂಟು ಹುಟ್ತದೆ, ನೀರು ಮಾತ್ರ ತಾಕಿಸಬೇಡ ಅಂದಳು. ನಮ್ಮಂಥವರ ಮನೇಲಿ ಒಂದು ವರ್ಷ ಕೆಡದೆ ಉಳಿದರೆ ಬಿಸಿಲಿಂದ ಕರೆಂಟು ಮಾಡೋ ಯಂತ್ರದೊಳಗೆ ಕೂರಿಸಬಹುದಂತೆ. ವಾರವಾರ ಊರಿಗೆ ಬಂದು, ಕಿಟಕಿ ಬಿಸಿಲಿಗೆ ಹಿಡಿದು, ಮೀಟರಿಟ್ಟು ಬರಕೊಳ್ಳೋಳು. ಪ್ರೋಟೀನು ಬೇಳೇಲಿರಬೇಕು ಕಣೇ, ಗಾಜಿಗೆ ಬಳಿದು ಹಾಳು ಮಾಡಿದ್ದೀಯ ಅಂದೆ. ಇದೂ ನಿನ್ನಂಗೇ ಕಣಮ್ಮ, ಮೈಗೆ ಬಿಸಿಲು ಬಿದ್ದರೆ ಸಾಕು ಸಿಡುಕ್ತದೆ ಅಂತ ನಕ್ಕಳು.

ಭಾದ್ರಪದದಲ್ಲಿ ಡೆಂಗ್ಯೂ ಬಂದು ಹೋಗೇಬಿಟ್ಟಳು. ಹನ್ನೊಂದನೇ ದಿನ ಸೂತಕ ಕಳೀಬೇಕಾದರೆ ನಮ್ಮಲ್ಲಿ ಪಾತ್ರೆ, ಬಟ್ಟೆ, ಮನೆಯೊಳಗಿನ ಸಾಮಾನೆಲ್ಲ ತೊಳೀತೀವಿ. ಬೀರು ಖಾಲಿ ಮಾಡುವಾಗ ಆ ಗಾಜು ಸಿಕ್ಕವು. ಆ ಸಂಕಟದಲ್ಲಿ ಅವಳು ಹೇಳಿದ್ದು ತಲೇಲಿರಲಿಲ್ಲ. ನೇರಳೆ ಹಣ್ಣಿನ ಕಲೆ ಅಂದುಕೊಂಡು ಒಲೆ ಬೂದಿ ಹಾಕಿ ತಿಕ್ಕಿದೆ. ಐದೂ ಬೆಳ್ಳಗಾದವು. ಆರನೆಯದು ಕೈಗೆ ತಗೊಂಡಾಗ ಜ್ಞಾಪಕ ಬಂತು. ಮೂರು ಸಲ ನೀನು ಫೋನು ಮಾಡಿದಾಗ ಗಾಜೂ ಇಲ್ಲ ಗೀಜೂ ಇಲ್ಲ ಅಂದದ್ದು ಭಯಕ್ಕೆ.

ವರ್ಷ ತುಂಬಿದ ಗಾಜು ಅಳೆದರೆ ಮಾತ್ರ ಅವಳ ಹೆಸರಲ್ಲಿ ಈ ಕೆಲಸ ಅಚ್ಚಾಗೋದು ಅಂದೆಯಲ್ಲ. ಉಳಿದ ಒಂದನ್ನ ಕಪ್ಪು ಕಾಗದದಲ್ಲಿ ಸುತ್ತಿ, ಸುತ್ತ ಹತ್ತಿ ಇಟ್ಟು ಕಳಿಸಿದ್ದೀನಿ. ತಪ್ಪು ನಂದು ಅಂತ ಬರಕೊಳ್ಳಿ. ಅವಳ ಹೆಸರು ತೆಗೀಬೇಡಿ.

ಇಂತಿ,
ಮುದ್ದಮ್ಮ

ಇನ್ನೊಂದು ಮಾತು. ಕಲೆ ಅಂದುಕೊಂಡೆ ಅಂತ ಮೇಲೆ ಬರೆದದ್ದು ಸುಳ್ಳು. ಅವಳಿಗೆ ಜ್ವರ ಬಂದಾಗ ಮೂರು ದಿನ ಮದ್ದೂರು ಆಸ್ಪತ್ರೆಗೆ ನಡಿ ನಡಿ ಅಂತ ಬೇಡಿಕೊಂಡೆ. ಈ ವಾರದ ಅಳತೆ ತಪ್ಪಿದ್ರೆ ವರ್ಸವೇ ಓಯ್ತದೆ ಬುಡು ದೊಡ್ಡಮ್ಮ ಅಂತ ಆ ಗಾಜಿನ ಮುಂದೆ ಕೂತಳು. ಗೊತ್ತಿದ್ದೇ ತಿಕ್ಕಿದೆ ನಾಜಿಮಾ, ಅವಳನ್ನ ತಿಂದವು ಅಂತ ತಿಕ್ಕಿದೆ. ಆರನೆಯದರ ಮೂಲೇಲಿ ಅವಳ ಹೆಬ್ಬೆಟ್ಟಿನ ಗುರುತಿತ್ತು. ಕೈ ಏಳಲಿಲ್ಲ. ಅದರಲ್ಲಿ ಇನ್ನೂ ಕರೆಂಟು ಹುಟ್ತದೋ ಇಲ್ಲವೋ, ಅಳೆದ ದಿನವೇ ಬರೆದು ತಿಳಿಸು.