ಹಳದಿ ಬಾರದ ಉಳಿ

ಸುನ್ನಿವ,

ಬರೆಯುವುದು ನನ್ನ ಕೆಲಸವಲ್ಲ. ಹದಿಮೂರಕ್ಕೇ ಶಾಲೆ ಬಿಟ್ಟವನ ಕೈಗೆ ನಿನ್ನ ದೊಡ್ಡಮ್ಮ ಪೆನ್ನು ತುರುಕಿ, ‘ನೀವೇ ಬರೀರಿ, ನಾನು ಕೈ ಹಾಕಲ್ಲ. ಮುಗಿಯೋವರೆಗೆ ಕಾಫಿನೂ ಇಲ್ಲ’ ಎಂದು ಕೂರಿಸಿದ್ದಾಳೆ. ನೀನು ಫೋನ್ ಎತ್ತಿದ್ದರೆ ಈ ಹಿಂಸೆ ಇರುತ್ತಿರಲಿಲ್ಲ. ನಾಲ್ಕು ದಿನದಿಂದ ಮಾಡುತ್ತಿದ್ದೇನೆ. ಯಾಕೆ ಎತ್ತುವುದಿಲ್ಲ ಎಂದು ಗೊತ್ತು. ನಿನ್ನ ಅಪ್ಪನನ್ನು ಮಣ್ಣು ಮಾಡಿದ ದಿನ ಎಲ್ಲರೆದುರು, ‘ಹಾಲ್ವರ್ ದುಡುಕದಿದ್ದರೆ ಕಣ್ಣು ಹೋಗುತ್ತಿರಲಿಲ್ಲ’ ಎಂದೆನಲ್ಲ, ಅದಕ್ಕೆ.

ಮೊದಲು ಕೆಲಸದ ಮಾತು. ದೊಡ್ಡಮ್ಮನಿಗೆ ನೀನು ಬರೆದ ಕಾರ್ಡನ್ನು ಅವಳು ಓದಿ ಹೇಳಿದಳು. ಅಪ್ಪನ ಪೆಟ್ಟಿಗೆ ತೆರೆದೆಯಂತೆ, ದೊಡ್ಡಪ್ಪ, ಅಂದರೆ ನಾನು, ಮಾಡಿದ ಅಗಲ ಉಳಿ ಸಿಕ್ಕಿತಂತೆ, ಈಸ್ಟರ್ ರಜೆಯಲ್ಲಿ ಅದರಿಂದಲೇ ಅಪ್ಪನ ಹಳೆ ದೋಣಿಯನ್ನು ರಿಪೇರಿ ಮಾಡುತ್ತೀಯಂತೆ. ಆ ಉಳಿಯನ್ನು ಮುಟ್ಟಬೇಡ.

ಕಾರಣ ಹೇಳುತ್ತೇನೆ, ಒಂದೇ ಸಲ. ಅಂಗಡಿಯ ಉಳಿಯನ್ನು ನಾನೂ ನಿನ್ನ ಅಪ್ಪನೂ ಎಂದೂ ಕೊಂಡವರಲ್ಲ. ಕಬ್ಬಿಣ ಉಜ್ಜಿ ಸವೆದ ಅರಗಳನ್ನು ಬಡಿದು ನನ್ನ ಶೆಡ್ಡಿನಲ್ಲಿ ನಾನು ಉಳಿ ಮಾಡುತ್ತಿದ್ದೆ, ಅದರಿಂದ ಅವನು ದೋಣಿ ಮಾಡುತ್ತಿದ್ದ. ಅರದ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನಷ್ಟು ಗಡುಸಾಗುತ್ತದೆ, ಗಾಜಿನ ಹಾಗೆಯೇ ಸಿಡಿಯುತ್ತದೆ. ಆಮೇಲೆ ಅಡುಗೆಮನೆಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟರೆ ಹದಕ್ಕೆ ಬರುತ್ತದೆ. ಹದ ಬಂದಾಗ, ಉಜ್ಜಿ ಬೆಳ್ಳಗಿಟ್ಟ ಉಳಿಯ ಕುತ್ತಿಗೆಯ ಮೇಲೆ ಒಣಹುಲ್ಲಿನ ಹಳದಿ ಮೂಡುತ್ತದೆ. ಆ ಹಳದಿಯನ್ನು ನಾನೆಂದೂ ಉಜ್ಜಿ ತೆಗೆಯುತ್ತಿರಲಿಲ್ಲ. ಅದೇ ನನ್ನ ಸಹಿ.

ಅವನ ಕಣ್ಣು ಹೋದ ಕ್ರಿಸ್‌ಮಸ್ ವಾರ ಎರಡು ಉಳಿ, ಒಂದು ಅಗಲದ್ದು ಒಂದು ಸಣ್ಣದು, ಓವನ್ನಿನಲ್ಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ದೊಡ್ಡಮ್ಮ ಹಬ್ಬದ ಏಳು ಬಗೆ ಬಿಸ್ಕತ್ತಿನಲ್ಲಿ ಐದನೆಯದರ ತಟ್ಟೆ ಹಿಡಿದು ಬಂದಳು. ‘ಇದು ಅಡುಗೆಮನೆ ಕಣ್ರೀ, ನಿಮ್ಮ ಕುಲುಮೆ ಅಲ್ಲ. ತೆಗೀರಿ ಆಚೆ.’ ಬಾಗಿಲಲ್ಲಿ ನಿನ್ನ ಅಪ್ಪ ಬೂಟಿನ ಹಿಮ ಕೊಡವುತ್ತ, ‘ಏನಣ್ಣ, ಹಬ್ಬಕ್ಕೆ ಉಳೀನೂ ಬೇಯಿಸ್ತಿದೀಯಾ? ಕೊಡು, ನಾಳೆ ಕೆಲಸ ಇದೆ’ ಎಂದ. ಕುತ್ತಿಗೆ ಎರಡರದ್ದೂ ಇನ್ನೂ ಬೆಳ್ಳಗಿತ್ತು. ನೋಡಿದೆ. ನೋಡಿಯೂ, ನಡೆಯುತ್ತೆ ಬಿಡು ಎಂದುಕೊಂಡು ಹಿಡಿ ಹಾಕಿ ಕೊಟ್ಟೆ.

ಮರುದಿನ ಗಂಟಿದ್ದ ಹಲಗೆಯಲ್ಲಿ ಸಣ್ಣ ಉಳಿ ಸಿಡಿಯಿತು. ನಾನು ಓಡಿಹೋದಾಗ ಅವನ ಒಂದು ಕೈ ಮುಖದ ಮೇಲಿತ್ತು, ಬೆರಳ ಸಂದಿಯಿಂದ ರಕ್ತ. ಇನ್ನೊಂದು ಕೈಯಲ್ಲಿ ಮುರಿದ ಉಳಿ. ಇದ್ದ ಒಂದು ಕಣ್ಣಿನಿಂದ ಅದರ ಕುತ್ತಿಗೆ ನೋಡಿದ, ಆಮೇಲೆ ನನ್ನನ್ನು ನೋಡಿದ, ಅದನ್ನು ಜೇಬಿಗೆ ಹಾಕಿಕೊಂಡ. ಆಸ್ಪತ್ರೆಯಲ್ಲಿ ಕೇಳಿದವರಿಗೆ, ‘ನಾನೇ ಅಡ್ಡಾದಿಡ್ಡಿ ಹೊಡೆದೆ’ ಎಂದ. ಪಕ್ಕದಲ್ಲೇ ನಿಂತು ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಅವನು ಬದುಕಿದ್ದ ಒಂಬತ್ತು ವರ್ಷವೂ ಆಡಿಸಿದೆ.

ಅವನು ಮತ್ತೆ ದೋಣಿ ಕಟ್ಟಲಿಲ್ಲ. ಕಿಟಕಿಯಲ್ಲಿ ಕೂತು ಬೇರೆಯವರ ದೋಣಿ ನೋಡುತ್ತಿದ್ದ. ಭಾನುವಾರ ಹೋದರೆ, ‘ಬಾ ಅಣ್ಣ, ನಿನ್ನ ಮೋರೆ ನೋಡೋಕೆ ಒಂದು ಕಣ್ಣೇ ಜಾಸ್ತಿ’ ಅನ್ನುತ್ತಿದ್ದ. ಒಮ್ಮೆ, ಆ ಅಗಲ ಉಳಿ ಎಲ್ಲಿ ಎಂದು ಕೇಳಿದೆ. ‘ಫ್ಯೋರ್ಡಿನ ನೀರಿಗೆ ಎಸೆದೆ ಬಿಡು’ ಎಂದ. ನನಗೆ ಅನುಕೂಲದ ಮಾತು, ನಂಬಿದೆ. ಯಾಕೆ ಇಟ್ಟುಕೊಂಡಿದ್ದ ಎಂದು ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಗೊತ್ತಾಗುತ್ತಿಲ್ಲ. ನಿನಗಾದರೂ ಹೇಳಿದ್ದನೋ ಏನೋ.

ನಿನ್ನ ಅಪ್ಪ ದುಡುಕಲಿಲ್ಲ. ದುಡುಕಿದವನು ನಾನು. ಯಾರಿಗೆ ಬೇಕಾದರೂ ಹೇಳು, ನನ್ನ ಹೆಸರು ಹಿಡಿದೇ ಹೇಳು. ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ, ಕೇಳಬೇಕಾಗಿದ್ದವನನ್ನು ಕೇಳಲಿಲ್ಲ. ಉಳಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕಳಿಸು. ಬೇಕೆಂದರೆ ಎರಡು ಗಂಟೆ ಓವನ್ನಿನಲ್ಲಿಟ್ಟು, ಹಳದಿ ಬಂದ ಮೇಲೆ ವಾಪಸು ಕಳಿಸುತ್ತೇನೆ. ಬೇಡವೆಂದರೆ ಒಡೆದು ಹಾಕುತ್ತೇನೆ. ತೀರ್ಮಾನ ನಿನ್ನದು.

ನಿನ್ನ ಎರಡು ಕಣ್ಣೂ ನೂರು ವರ್ಷ ಚೆನ್ನಾಗಿರಲಿ.

ದೊಡ್ಡಪ್ಪ ಟೋರ್ಗೈರ್

‘ಮುಟ್ಟಿಲ್ಲ’ ಎಂದು ಒಂದೇ ಮಾತು ಬರೆದರೂ ಸಾಕು. ನಿನ್ನ ಈಸ್ಟರ್ ರಜೆಗೆ ಮೊದಲು, ಮಾರ್ಚ್ ಇಪ್ಪತ್ತರೊಳಗೆ ಬರಬೇಕು.