ಪರದೆ ಪಕ್ಕ ನಿಂತು ಹೇಳಿದ ಸುಳ್ಳು

ಅಪ್ಪಾ,

ನಮಸ್ಕಾರ ಬರೆಯೋಣವೆಂದರೆ ಕೈ ಏಳುತ್ತಿಲ್ಲ. ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು, ನಮಸ್ಕಾರ ಆಮೇಲೆ.

ಈ ಕನ್ನಡ ಅಕ್ಷರಗಳು ನೀನು ಕಲಿಸಿದ್ದು. ಮನೆಯಲ್ಲಿ ಆಡುವುದು ಕನ್ನಡವಾದರೂ ಸೇಲಂನ ನಮ್ಮ ಬೀದಿಯ ಮಕ್ಕಳೆಲ್ಲ ಶಾಲೆಯಲ್ಲಿ ತಮಿಳು ತಿದ್ದುತ್ತಿದ್ದಾಗ, ನೀನು ನನ್ನನ್ನು ಮಗ್ಗದ ಪಕ್ಕ ಕೂರಿಸಿಕೊಂಡು, ನೂಲಿಗೆ ಹಚ್ಚುವ ಗಂಜಿಯಲ್ಲಿ ಬೆರಳದ್ದಿಸಿ ನೆಲದ ಮೇಲೆ ಅ, ಆ ಬರೆಸಿದೆ. ಎಲ್ಲಿ ಕಲಿತೆ ಅಂದರೆ, "ಬಸ್ರಾದಾಗೆ ಕಣ್ಲಾ. ಮೈಸೂರೋನೊಬ್ಬ ಕಲಿಸ್ದ. ಅಲ್ಲಿ ಕಾಯೋದು ಬಿಟ್ರೆ ಇನ್ನೇನು ಕೆಲ್ಸ ಇತ್ತು?" ಅನ್ನುತ್ತಿದ್ದೆ. ಜರ್ಮನ್ ಯುದ್ಧಕ್ಕೆ ಹೋದವನು ಕಾಗುಣಿತ ಕಲಿತು ಬಂದನಲ್ಲ ಎಂದು ನನಗೆ ಒಳಗೊಳಗೇ ನಾಚಿಕೆ. ನೀನು ಅಲ್ಲಿ ಗಾಯಗೊಂಡವರನ್ನು ಹೊರುತ್ತಿದ್ದೆ, ಅಷ್ಟೇ. ಬೀದಿಯ ಹುಡುಗರ ಮುಂದೆ ಮಾತ್ರ ನಾನು ನಿನ್ನ ಕೈಗೊಂದು ಬಂದೂಕು ಕೊಟ್ಟಿದ್ದೆ. ನನ್ನ ಸುಳ್ಳಿನ ಕಸುಬು ಅಲ್ಲಿಂದಲೇ ಶುರುವಾಯಿತೇನೋ.

ಮಗ್ಗ ಬಿಟ್ಟು ನಾನು ಟೆಂಟ್ ಸಿನಿಮಾದವರ ಜೊತೆ ಹೊರಟ ದಿನ ಅಮ್ಮ ಅತ್ತಳು. ನೀನು "ಬಾಯಿ ಐತೆ, ಬದುಕ್ಕೋತಾನೆ ಬಿಡು" ಅಂದೆ. ಬಾಯಿಯ ಕೆಲಸವೇ ಅದು. ಪಟಕ್ಕೆ ಮಾತಿಲ್ಲ, ಪರದೆಯ ಪಕ್ಕ ಉದ್ದನೆಯ ಕೋಲು ಹಿಡಿದು ನಿಂತು ನಾನು ತಮಿಳಿನಲ್ಲಿ ಕತೆ ಹೇಳಬೇಕು. ನಡುವೆ ಬರುವ ಇಂಗ್ಲಿಷ್ ಬರಹ ನನಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೆ ತಾನೇ ಏನು? ನಾನು ಹೇಳಿದ್ದೇ ಕತೆ.

ನೀನು ನನ್ನ ಕೆಲಸ ನೋಡಲು ಬಂದದ್ದು ಒಂದೇ ಸಲ, ಮೇಚೇರಿಗೆ. ಅವತ್ತು ಸಂತೆ. ಮೆಟ್ಟೂರಿನ ಅಣೆಕಟ್ಟೆಯ ಕೆಲಸದವರೂ ಬಂದು ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟವೂ ನೀನು ಹೋಗಿದ್ದ ಆ ಯುದ್ಧದ್ದೇ. ಮುಂದೆ ಮರಳಿನ ಮೇಲೆ ನೀನು ಕೂತಿದ್ದನ್ನು ಕಂಡು ನನ್ನ ಗಂಟಲು ಇನ್ನಷ್ಟು ಬಿಚ್ಚಿಕೊಂಡಿತು. ನಿನಗೋಸ್ಕರವೇ ಕೂಗಿದೆ ಅಪ್ಪಾ, ನಂಬು. ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಪಟದ ಬಿಳಿ ದೊರೆ ಹುಡುಗ ಹೊಂಡದಿಂದ ಹೊಂಡಕ್ಕೆ ಹಾರಿದ, ಹತ್ತು ಜನರನ್ನು ಕೊಂದ, ಕೊನೆಗೆ ಹೊಟ್ಟೆಗೆ ಗುಂಡು ತಿಂದು ಗೆಳೆಯನ ತೊಡೆಯ ಮೇಲೆ ಮಲಗಿದ. ಕತೆಯಲ್ಲಿ ನಾನು ಹೆಸರು ಗಳಿಸಿದ್ದ ಜಾಗ ಅದು. ಅವನ ಬಾಯಲ್ಲಿ ತಾಯಿಗೊಂದು, ತಾಯ್ನಾಡಿಗೊಂದು, ಕಾದಿರುವ ಹುಡುಗಿಗೊಂದು ಮಾತು ಆಡಿಸುತ್ತಿದ್ದೆ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಆಗ ನೀನು ಎದ್ದು ನಿಂತೆ. ನಿನ್ನ ನೆರಳು ಪರದೆಯ ಮೇಲೆ ಬಿತ್ತು.

"ಸುಳ್ಳು ಕಣ್ಲಾ! ಒಟ್ಟೆಗೆ ಗುಂಡು ಬಿದ್ದೋನು ಅಂಗೆಲ್ಲಾ ಮಾತಾಡಾಕಿಲ್ಲ! ನಿಲ್ಸಲಾ!"

 ಪಟ ಬಿಡುವ ಮಿಷನ್ನಿನ ಪಕ್ಕದಿಂದ ಟೆಂಟಿನ ಮಾಲೀಕರು ನನ್ನನ್ನೇ ನೋಡುತ್ತಿದ್ದರು.  ಇವರು ನಮ್ಮ ತಂದೆ, ಆ ಯುದ್ಧದಲ್ಲಿ ಇದ್ದವರು, ಒಂದು ಮಾತು ಕೇಳೋಣ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಾನು ಜನರ ಕಡೆ ತಿರುಗಿ ನಗುತ್ತಾ ತಮಿಳಿನಲ್ಲಿ ಕೇಳಿದೆ: "ಯಾರುಯ್ಯಾ ಅಂದ ಕೆಳವರು? ಎನ್ನ ಪಾಷೆ ಪೇಸ್ರಾರು?"

ಯಾರಯ್ಯಾ ಆ ಮುದುಕ, ಅದ್ಯಾವ ಭಾಷೆ ಆಡ್ತಾನೆ, ಅಂತ. ನೀನು ನನಗೆ ಅಕ್ಷರ ಕಲಿಸಿದ ಭಾಷೆಯನ್ನೇ ಗೇಲಿ ಮಾಡಿದೆ. ನಿನ್ನನ್ನು. ಟೆಂಟಿಗೆ ಟೆಂಟೇ ನಕ್ಕಿತು. ನೀನು ಒಂದು ಕ್ಷಣ ನನ್ನನ್ನು ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕೂತವರ ಕಾಲು ತುಳಿಯದ ಹಾಗೆ ನೋಡಿ ನೋಡಿ ಹೆಜ್ಜೆಯಿಟ್ಟು ಹೊರಗೆ ಹೋದೆ. ಪಟ ಮುಗಿದ ಮೇಲೆ ಬಾಗಿಲು ಕಾಯುವವನು ನೀನು ಬಿಟ್ಟುಹೋಗಿದ್ದ ಒಂದು ಗಂಟು ತಂದುಕೊಟ್ಟ. ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ. ಹಸಿದಿದ್ದೆ, ತಿಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಮನೆಗೆ ಬಂದಾಗಲೆಲ್ಲ ನೀನು ಈಗ ಬೈಯುತ್ತೀಯ, ಈಗ ಬೈಯುತ್ತೀಯ ಎಂದು ಕಾದೆ. ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹರಿದ ಎಳೆ ಗಂಟು ಹಾಕುತ್ತಾ, ತಲೆ ಎತ್ತದೆ ಹೇಳಿದೆ.

"ನಾಕು ಜನ ಡೋಲಿ ಒರ್ತಿದ್ವಿ. ಮ್ಯಾಲಿದ್ದ ಸಿಪಾಯಿ ಎಲ್ಲಿಯೋನೋ ಕಾಣೆ. ದಾರಿ ಉದ್ದಕ್ಕೂ ಒಂದೇ ಮಾತು ಅಂತಿದ್ದ. ನಮ್ ನಾಕು ಜನಕ್ಕೂ ಆ ಭಾಷೆ ತಿಳೀದು. ನೀರು ಅಂದ್ನೋ, ಅವ್ವ ಅಂದ್ನೋ, ಇಳಿಸ್ರೋ ಅಂದ್ನೋ... ಆಸ್ಪತ್ರೆ ಬರೋ ಒತ್ಗೆ ಸುಮ್ಕಾಗಿದ್ದ."

ಎಳೆ ಕೂಡಿತು. ನೀನು ಅದನ್ನು ಬೆರಳಲ್ಲಿ ಎಳೆದು ನೋಡಿದೆ.

"ಅದೇನ್ ಮಾತು ಅಂತ ಇವತ್ಗೂ ಕೇಳ್ಕೋತಾ ಇವ್ನಿ. ನೀನು ಪಟದಾಗೆ ಅವನ ಬಾಯ್ಗೆ ಮಾತು ತುರುಕ್ತಾ ಇದ್ದೆ. ತಡ್ಕೊಳಾಕಾಗ್ಲಿಲ್ಲ, ಅದ್ಕೇ ಎದ್ದೆ."

ಆಗಲೇ ಕಾಲು ಹಿಡಿಯಬೇಕಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ. ನಿನಗೆ ಜ್ವರ ಏರಿದೆ ಎಂಬ ಸುದ್ದಿ ಮುಟ್ಟಿದಾಗ ಟೆಂಟು ಧರ್ಮಪುರಿಯಲ್ಲಿತ್ತು. ಸಿಕ್ಕ ಬಸ್ಸು ಹತ್ತಿ ಬೀದಿಯ ತುದಿಗೆ ಬಂದು ಇಳಿಯುವಾಗ, ಯಾವ ಮನೆಯಲ್ಲೂ ಮಗ್ಗದ ಸದ್ದಿರಲಿಲ್ಲ. ಸಾವಾದ ದಿನ ಮಾತ್ರ ನಮ್ಮ ಬೀದಿಯ ಮಗ್ಗಗಳು ನಿಲ್ಲುವುದು. ಅಷ್ಟರಲ್ಲೇ ಗೊತ್ತಾಯಿತು...

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಮಾಲೀಕರು ಮಾತಾಡುವ ಪಟದ ಮಿಷನ್ನು ತರಿಸುತ್ತಿದ್ದಾರೆ. ಪಟವೇ ಮಾತಾಡಿದ ಮೇಲೆ ನನ್ನ ಬಾಯಿ ಯಾರಿಗೆ ಬೇಕು? ನನ್ನ ಕೊನೆಯ ಆಟ ಮೊನ್ನೆ ಮೇಚೇರಿಯಲ್ಲಿ ಆಯಿತು. ಡಬ್ಬಿ ತೆರೆದರೆ ಅದೇ ಯುದ್ಧದ ಪಟ.

ಆ ಜಾಗ ಬಂತು. ಹುಡುಗ ಮಲಗಿದ, ತುಟಿ ಅಲ್ಲಾಡಿತು. ನಾನು ಬಾಯಿ ಮುಚ್ಚಿಕೊಂಡು ನಿಂತೆ.  "ಕತೆ ಸೊಲ್ಲುಪ್ಪಾ!", ಕತೆ ಹೇಳಪ್ಪಾ, ಎಂದು ಒಬ್ಬ ಕೂಗಿದ, ಇನ್ನೊಬ್ಬ ಸಿಳ್ಳೆ ಹಾಕಿದ, ಮಾಲೀಕರು ಎದ್ದು ನನ್ನ ಕಡೆಗೇ ಬರತೊಡಗಿದರು. ಆಗ ಕಂಡಿತು ಅಪ್ಪಾ. ಪರದೆಯ ಮೂಲೆಯಲ್ಲಿ, ಹೊಗೆಯ ಹಿಂದೆ, ನಾಲ್ಕು ಜನ ಯಾರನ್ನೋ ಹೊತ್ತುಕೊಂಡು ಹೋಗುತ್ತಿದ್ದಾರೆ. ಅಷ್ಟು ಸಲ ಆ ಪಟ ಆಡಿಸಿದವನು ನಾನು, ಒಂದು ಸಲವೂ ಅವರನ್ನು ನೋಡಿರಲಿಲ್ಲ. ಅವತ್ತು ನೀನು ನೋಡಿದ್ದೆಯಾ?

ಹುಡುಗನ ಮೇಲಿದ್ದ ಕೋಲನ್ನು ತೆಗೆದು ಅವರ ಮೇಲಿಟ್ಟೆ. ತಮಿಳಿನಲ್ಲೇ ಹೇಳಿದೆ. ಇವನು ಏನು ಹೇಳಿದ ಅಂತ ನನಗೆ ಗೊತ್ತಿಲ್ಲ. ಅಗೋ ಅವರು ಹೊತ್ತಿದ್ದಾರಲ್ಲ, ಆ ಸಿಪಾಯಿ ಒಂದೇ ಮಾತು ಹೇಳುತ್ತಿದ್ದಾನೆ. ಹೊತ್ತವರಿಗೆ ಅವನ ಭಾಷೆ ತಿಳಿಯದು. ಅವರು ಊರಿಗೆ ಬಂದ ಮೇಲೂ ಅದು ಏನೆಂದು ಕೇಳಿಕೊಳ್ಳುತ್ತಲೇ ಇರುತ್ತಾರೆ. ಅಷ್ಟೇ ಕತೆ.

ಸಿಳ್ಳೆ ನಿಂತಿತು. ಮಾಲೀಕರು ಇದ್ದಲ್ಲೇ ನಿಂತರು. ಪಟ ಮುಗಿದು ದೀಪ ಹತ್ತಿದಾಗ, ಅಣೆಕಟ್ಟೆಯ ಕೆಲಸದ ಒಬ್ಬ ಆಳು ಜಗಳಕ್ಕೆ ಬಂದವನ ಹಾಗೆ ಎದ್ದು ಕೇಳಿದ: "ಯಾರುಪ್ಪಾ ಉನಕ್ಕು ಇದೆಲ್ಲಾ ಸೊನ್ನದು?" ಯಾರು ನಿನಗೆ ಇದೆಲ್ಲ ಹೇಳಿದ್ದು, ಅಂತ.

ಅದೇ ಮರಳು, ಅದೇ ಟೆಂಟು.  ಕೊನೆಯ ಸಾಲಿನವರೆಗೂ ಕೇಳುವ ಹಾಗೆ, ನಮ್ಮ ಮಾತಿನಲ್ಲೇ ಹೇಳಿದೆ:

"ನಮ್ಮಪ್ಪ."